ಮೂರು ಮಿಲಿಮೀಟರ್

ಶಿವರಾಂಪೇಟೆಯ ಮರದ ಮಹಡಿ. ಕೆಳಗೆ ಗಡಿಯಾರ ರಿಪೇರಿ,
ಮೇಲೆ, ಹೋದ ವರ್ಷದ ಯುಗಾದಿವರೆಗೂ, ನನ್ನ ಟೈಪಿಂಗ್ ಇನ್ಸ್‌ಟಿಟ್ಯೂಟು.
ಹನ್ನೊಂದು ಮಿಷನ್ನು ಗುಜರಿಗೆ ಹೋದವು. ಎರಡು ಉಳಿದಿವೆ:
ಒಂದು ನನಗೆ ಬೇಕಾಗಿ, ಒಂದು ಯಾರಿಗೂ ಬೇಡವಾಗಿ.

ಇನ್ನು ನಾನಿರುವುದೂ ಇಲ್ಲೇ ಅಂದಾಗ
ಸಿದ್ದಪ್ಪಾಜಿ ಮೇಸ್ತ್ರಿ ಮಂಡಿಯೂರಿ
ಹಲಗೆ ಮೇಲೊಂದು ಗೋಲಿ ಬಿಟ್ಟ.
ಬಾಗಿಲಿಂದ ಹೊರಟಿತು, ಕಿಟಕಿ ಕಡೆಗೆ ಹೋಗಲೋ ಬೇಡವೋ ಎಂದು ತಡೆದು
ಐದನೇ ಟೇಬಲ್ಲಿದ್ದ ಜಾಗಕ್ಕೆ ಬಂದು ನಿಂತಿತು.
‘ಹಳ್ಳ ಇಲ್ಲೈತೆ, ಟೀಚರ್.’

ಗೊತ್ತಿತ್ತು ನನಗೆ.
ಆ ಟೇಬಲ್ಲು ಸದಾ ಎಡಕ್ಕೆ ವಾಲುತ್ತಿತ್ತು,
ಅಲ್ಲಿ ಕೂತು ಜೂನಿಯರ್ ಫೇಲಾದವರು
ತಪ್ಪು ನೆಲದ್ದು ಅನ್ನುತ್ತಿದ್ದರು.
ಒಬ್ಬರಿಗಾದರೂ ನಾನು ಹೌದು ಅಂದವಳಲ್ಲ.

ಹೊಸ ನೆಲ ಬನ್ನಿಮಂಟಪದ ಅಂಗಡಿಯದು.
ಪದರದ ಮೇಲೆ ಪದರ ಅಂಟಿಸಿದ್ದು, ಕಣ್ಣಿಗೆ ಕಾಣುವಷ್ಟು ಮಾತ್ರ ತೇಗ,
ಒಳಗೆಲ್ಲ ಪ್ಲೈವುಡ್ಡು, ಛತ್ರದ ಸಿಂಹಾಸನದ ಹಾಗೆ.
ಅದಕ್ಕೂ ಹಳೇ ಹಲಗೆಗೂ ಮಧ್ಯೆ
ಏನು ಹಾಸೋದು?

ಚೀಲದಿಂದ ತುಂಡುಗಳು ಬಂದವು.
ಸುರುಳಿ ಸುತ್ತಿದ ಬಿಳಿ ಫೋಮು,
ಸೈಕಲ್ ಶಾಪಿನ ವಾಸನೆಯ ರಬ್ಬರು,
ಒಂದು ಹಸಿರು ನಾರಿನ ಹಾಳೆ, ಯಾಕೋ ಮುಟ್ಟಲು ಮನಸ್ಸಾಗಲಿಲ್ಲ,
ಮತ್ತೆ ಕಾರ್ಕು: ಬೆಲ್ಲದ ಕೊಬ್ಬರಿ ಮಿಠಾಯಿಯ ಬಣ್ಣ.
ನಾನು ಒತ್ತಿ ನೋಡಿದ್ದು ಎಲ್ಲಕ್ಕಿಂತ ದಪ್ಪದ ಫೋಮನ್ನೇ.
ಅರವತ್ತೆರಡರ ಮಂಡಿಗೆ ಮೆತ್ತಗಿರಲಿ ಅಂತ.

‘ಮೆತ್ತಗೆ ಜಾಸ್ತಿಯಾದ್ರೆ ಕಾಲಿಟ್ಟಾಗೆಲ್ಲ ಮರ ಬಗ್ತದೆ.
ಒಂದಕ್ಕೊಂದು ಕಚ್ಕೊಂಡಿರೋ ನಾಲಿಗೆ ಇದೆಯಲ್ಲ,
ವರ್ಷದೊಳಗೆ ಮುರ್ಕೊಳ್ತದೆ.
ಪ್ಲಾಸ್ಟಿಕ್ಕೂ ಬ್ಯಾಡ. ಇದು ಸಿಮೆಂಟಲ್ಲ,
ಕೆಳಗಿನ ಮರ ಉಸಿರಾಡ್ಬೇಕು.’
‘ಮತ್ತೆ ಸದ್ದು?’
‘ಅದನ್ನ ಕೆಳಗಿರೋರ್ನ ಕೇಳಿ.’

ಜಬೀವುಲ್ಲಾ ಕಣ್ಣಿನ ದುರ್ಬೀನು ತೆಗೆಯಲಿಲ್ಲ.
‘ಮೂವತ್ತೊಂದು ವರ್ಷ ನೆತ್ತಿ ಮೇಲೆ ಎ ಎಸ್ ಡಿ ಎಫ್ ಬಡಿಸಿದ್ರಿ,
ಈಗ ಕೇಳ್ತೀರಲ್ಲ ಮೇಡಂ, ಸದ್ದಾಗತ್ತಾ ಅಂತ.’
ಕೋಪವಿರಲಿಲ್ಲ. ಇಲ್ಲದ್ದೇ ಚುಚ್ಚಿತು.

ಸಾಲು ಮುಗಿದು ಟಿಂಗ್ ಅಂದ ಮೇಲೆ
ಗಾಡಿ ಹಿಂದಕ್ಕೆ ತಳ್ಳುವ ಮುಂಚೆ
ಒಂದು ಉಸಿರಿನಷ್ಟು ಬಿಡುವು ಸಿಗುತ್ತಿತ್ತಂತೆ,
ಕೂದಲೆಳೆಯ ಸ್ಪ್ರಿಂಗನ್ನು ಕೂರಿಸುತ್ತಿದ್ದದ್ದು ಅಷ್ಟರಲ್ಲೇ.
ಪರೀಕ್ಷೆಯ ತಿಂಗಳು ಹದಿಮೂರು ಗಂಟೆ, ಒಂದರ ಬಾಲ ಹಿಡಿದು ಒಂದು.
ಆಗೆಲ್ಲ ಬರೀ ಬೆಲ್ಟು, ಬ್ಯಾಟರಿ.

ನಾವಿಬ್ಬರೂ ಸೂರು ನೋಡುತ್ತ ನಿಂತೆವು.
ಮೇಲೆ ಮೇಸ್ತ್ರಿಯ ಹುಡುಗ ತುಂಡಿಂದ ತುಂಡಿಗೆ ಕಾಲಿಟ್ಟ.
ಫೋಮಿಗೆ ಟಪಕ್ಕೆಂದಿತು. ರಬ್ಬರು ನುಂಗಿಕೊಂಡಿತು, ಪೂರ್ತಿ,
ಮೇಲೆ ಯಾರೂ ಇಲ್ಲವೇನೋ ಅನ್ನುವಷ್ಟು.
ಕಾರ್ಕಿನ ಮೇಲೆ, ಪಕ್ಕದ ಕೋಣೆಯಲ್ಲಿ ಯಾರೋ ಲೋಟ ಇಟ್ಟ ಹಾಗೆ.
ಆಮೇಲೆ ಬರೀ ಹಲಗೆ: ಹಿಮ್ಮಡಿ, ಅಂಗಾಲು, ಬೆರಳು, ಎಲ್ಲ ವರದಿ.
‘ಹುಡುಗ ಎಡಗಾಲು ಎಳೀತಾನೆ,’ ಅಂದರು ಜಬೀವುಲ್ಲಾ.
ನಿಜ. ಹೋದ ವಾರ ಮೊಳೆ ತುಳಿದಿದ್ದನಂತೆ.

‘ಯಾವುದು?’ ಅಂದೆ.
‘ನೀವು ಇದ್ದೀರಿ ಅಂತ ಗೊತ್ತಾದರೆ ಸಾಕು.
ಎಲ್ಲಿಗೆ ಹೊರಟಿರಿ ಅಂತ ಗೊತ್ತಾಗೋದು ಬೇಡ.’

ಕಾರ್ಕು. ಮೂರು ಮಿಲಿಮೀಟರ್.
ದುಬಾರಿಯಾಯಿತು, ಅಡುಗೆಮನೆಯ ಬಣ್ಣ ಮುಂದಕ್ಕೆ ಹೋಯಿತು.
ಅಲ್ಲಾಡುವ ಹಲಗೆಗಳಿಗೆ ಮೊದಲು ತಿರುಪು ಬಿತ್ತು,
ಐದನೇ ಟೇಬಲ್ಲಿನ ಹಳ್ಳಕ್ಕೆ ಪ್ಲೈ ಚೂರು.
ಈಗ ಗೋಲಿ ಬಿಟ್ಟಲ್ಲೇ ನಿಲ್ಲುತ್ತದೆ.
ತಡವಾಗಿ, ಅವರೆಲ್ಲ ಪಾಸು.

ಉಳಿದ ಅಂಗೈಯಗಲದ ಕಾರ್ಕನ್ನು ಜಬೀವುಲ್ಲಾ ಕೇಳಿ ಪಡೆದು
ಮೇಜಿಗೆ ಹಾಸಿಕೊಂಡಿದ್ದಾರೆ.
ಚಿಮಟದಿಂದ ಜಾರಿದ ಸಾಸಿವೆಗಿಂತ ಸಣ್ಣ ತಿರುಪು
ಪುಟಿಯದೆ, ಬಿದ್ದಲ್ಲೇ ಇರುತ್ತದೆ.

ನೆಲ ಎತ್ತರವಾಗಿ ನನ್ನ ಬಾಗಿಲು ಮಾತ್ರ ಮುಚ್ಚುತ್ತಿಲ್ಲ.
ಅಡಿ ಹೆರೆಯಲು ನಾಳೆ ಬರುತ್ತೇನೆ ಅಂದ ಮೇಸ್ತ್ರಿ.
ಇವತ್ತಿಗೆ ನಾಲ್ಕು ದಿನ.