ತ್ಯಾಪಿ

ಖಡಕಿ ಬಜಾರದಾಗ ನನ್ನ ಅಂಗಡಿ.
ಎದುರಿಗೆ ಬೇಕರಿ, ಬಾಜೂಕ ಪಂಕ್ಚರ್ ತಿದ್ದಾಂವ.
ಫ್ಯಾಕ್ಟರಿ ಭೋಂಗಾ ಕೂಗಿದ ಮ್ಯಾಲೆ ಬಾಗಿಲಾ ತೆಗಿತೀನಿ.
ತೊಟ್ಟಿಲ ಕಾಲು, ಟೀಪಾಯಿ, ಹಾರ್ಮೋನಿಯಂ ಪೆಟ್ಟಿಗಿ:
ಬಂದೂಕು ಬಂದದ್ದು ಇದ ಮೊದಲ.

ಹಳೇ ಸೀರಿಯಾಗ ಸುತ್ತಿ ತಂದಿದ್ಲು ಇಂದುಮತಿ ಶಿತೋಳೆ.
ಮೊದಲ ಕಾಗದ ತೋರಿಸಿದ್ಲು, ಕಮಿಷನರ್ ಶಿಕ್ಕಾ ಇದ್ದದ್ದು.
ನಳಿಗಿಗೆ ತೂತು, ಬಾಯಿಗೆ ಬೆಸಿಗಿ, ಸೂಜಿ ಕಿತ್ತದ್ದು.
"ಸತ್ತ ಬಂದೂಕು ಬಿಡ್ರಿ" ಅಂದೆ.
"ಸತ್ತಿಲ್ಲ, ಪೆನ್ಶನ್ ಮ್ಯಾಲೆ ಐತಿ" ಅಂದ್ಲು.

ನಿಮ್ಮಜ್ಜಂದ?
ಅಲ್ಲಂತ. ಅಜ್ಜಂದು ಸರಕಾರಕ್ಕ ವಾಪಸ್ ಹೋತು
ಇಟಲಿಯಿಂದ ಬಂದ ವಾರದಾಗ.
ಇದು ಕಾಲೇಜಿನ ಪರೇಡಿಂದು, ಹರಾಜಿನಾಗ ಸಿಕ್ಕದ್ದು.
ಅದ ಜಾತಿ, ಅದ ವರ್ಷ, ನಲವತ್ಮೂರು.
ಅಜ್ಜ ಹೊತ್ತದ್ದು ಹಿಂಗ ಇತ್ತಂತ.
ಅಷ್ಟ ಸಾಕಾಗಿತ್ತು ಆಕಿಗೆ.

ಕರೀ ಬಣ್ಣ, ಅದರ ಕೆಳಗ ಹಸರು,
ಅದರ ಕೆಳಗ ಎಷ್ಟೋ ಹುಡುಗರ ಬೆವರು.
ಮೂರು ದಿನ ಕೆರದ ಮ್ಯಾಲೆ ಆಕ್ರೋಡ ಕಟ್ಟಿಗಿ ಕಣ್ಣು ಬಿಡ್ತು.
ಗೋಕಾಕದಾಗ ನಮ್ಮಪ್ಪ ಕಟ್ಟಿಗಿ ಮಾವಿನಹಣ್ಣು ಮಾಡತಿದ್ದ,
ನಿಜವಾದ ನೊಣಾ ಬಂದು ಕೂಡ್ರತಾವು ಅಂತ ಸುಳ್ಳ ಹೇಳತಿದ್ದ.
ಅವನ ಉಳಿ ಇದು.

ಕಟ್ಟಿಗಿ ಗುಣ ಒಂದೈತಿ ಕೇಳ್ರಿ:
ಬಡದದ್ದು ಏಳತೈತಿ, ಕೊಯ್ದದ್ದು ಏಳಂಗಿಲ್ಲ.
ತಗ್ಗು ಬಿದ್ದಲ್ಲೆ ಹಸಿ ಅರಿವಿ ಹಾಕಿ ಇಸ್ತ್ರಿ ಒತ್ತಿದ್ರ
ಉಸ್ಸ್ ಅಂತ ಉಗಿ ಕುಡದು
ಜ್ವರದಾಗ ಮಲಗಿದಾಂವ ಗಂಜಿಗೆ ಎದ್ದು ಕುಂತಂಗ
ಮೆಲ್ಲಕ ಎದ್ದು ಬರತೈತಿ.
ಹಂಗ ನಲವತ್ತು ಪೆಟ್ಟು ಎಬಿಸಿದೆ.
ಏಳಲಿಲ್ಲ ಹಿಡಿ ಕೆಳಗಿನ ಮೂರು ಗೀರು.
ಚಾಕೂಲೆ ಕೊಯ್ದದ್ದು. ಸಾಲಾಗಿ. ಅವಸರಿಲ್ಲದ.

ಮೂರು ಮಂದಿನ? ಮೂರು ಚಳಿಗಾಲನ?
ಊರಿಂದ ಬಂದ ಪತ್ರನ?
ಅಜ್ಜನ ಕೈ ಅಲ್ಲ ಅದು, ಅಷ್ಟು ಗೊತ್ತು.
"ಉಜ್ಜಿ ಬಿಡ್ಲೇನ್ರಿ?"
ಬೇಕರಿಯಿಂದ ಚಹಾ ಬಂತು, ಆರಿತು, ಕೆನಿ ಕಟ್ಟಿತು.
"ಇರ್ಲಿ" ಅಂದ್ಲು.
"ಬ್ಯಾರೆ ಯಾರ್ದೋ ಲೆಕ್ಕ. ನಾವ್ಯಾಕ ಅಳಸೂದು."

ಹಿಮ್ಮಡಿ ಕಡೆ ಹೆಬ್ಬಟ್ಟಿನಷ್ಟು ಚಕ್ಕಿ ಹಾರಿತ್ತು.
ತ್ಯಾಪಿಗೆ ಹಳೇ ಗಡಿಯಾರದ ಕಟ್ಟಿಗಿ ತೆಗದಿಟ್ಟಿದ್ದೆ.
ಮರದಿನ ಆಕಿ ಬಾಜಿ ಚೀಲದಾಗಿಂದ ಒಂದು ಗೂಟ ತೆಗದ್ಲು.
ಅವರು ಖುಂಟಾ ಅಂತಾರ. ಬೀಸುಕಲ್ಲಿಂದು. ಜಾಲಿ.
ನನ್ನ ಯಾವ ಪಾಲಿಶಿನಾಗೂ ಅಂಥಾ ಹೊಳಪು ಬಂದಿಲ್ಲ.

"ಅಜ್ಜಿ, ತಾನುಬಾಯಿ. ಓದಾಕ ಬರತಿದ್ದಿಲ್ಲ.
ಪತ್ರ ಬಂದ ದಿನ ಹೆಚ್ಚ ಬೀಸತಿದ್ದಳಂತ,
ಓದಿ ಹೇಳಾವ್ರು ಸಿಗೂತನಕ.
ಓಣಿ ಮಂದಿಗೆಲ್ಲಾ ಹಿಟ್ಟು."

ಕರಗಸ ಹಚ್ಚೂಮುಂದ ಒಳಗಿಂದ ಜ್ವಾಳದ ವಾಸನಿ ಬಂತು
ಅಂದ್ರ ನಂಬಬ್ಯಾಡ್ರಿ, ನಮ್ಮಪ್ಪನ ಮಗ ನಾನು.
ಜಾಲಿ ವಾಸನಿ ಬಂತು.
ಕೈ ಮಾತ್ರ ಒಂದೀಟು ತಡೀತು.

ಕೂಡಿಸಿದೆ. ಆಕ್ರೋಡ ಕರಿಗಂದು, ಜಾಲಿ ಕೆಂಪು.
"ಬಣ್ಣ ಹೊಂದಸ್ಲೇನು?"
"ಬ್ಯಾಡ."
ವಾರಗಟ್ಟಲೆ ಅಂಗೈಲೆ ಅಗಸಿ ಎಣ್ಣಿ ತಿಕ್ಕಿದೆ.
ಊರಿನ ಚಟ್ನಿ ನೆನಪಾಗಿ ಎರಡು ರೊಟ್ಟಿ ಹೆಚ್ಚ ತಿಂದೆ.
ಹಿತ್ತಾಳಿ ಬಿಲ್ಲೆ ಮ್ಯಾಲೆ ಅಜ್ಜನ ಹೆಸರು ಕೊರದೆ: ರಾವಜಿ.
ನಾಗರಿ ಅಕ್ಷರ, ಕಡೀ ಅಕ್ಷರ ಸ್ವಲ್ಪ ಸೊಟ್ಟಾತು.

ಒಯ್ಯಾಕ ಬಂದಾಗ ಆಕಿ ಅದನ್ನ ಹೆಗಲಿಗೆ ಹಚ್ಚಲಿಲ್ಲ.
ಕೂಸಿನ ತಲಿ ಹಿಡದಂಗ ತ್ಯಾಪಿ ಇದ್ದಲ್ಲೆ ಹಿಡದ್ಲು.
ಗ್ವಾಡಿಗೆ ತೂಗ ಹಾಕಾಕ ಎರಡು ಗೂಟ ಕೇಳಿದ್ಲು.
ಒಂದಕ್ಕ ಅಜ್ಜೀದ ಉಳದಿತ್ತು, ಗೇಣು.
ಇನ್ನೊಂದು ಸಾಗವಾನಿ, ನನ್ನ ಕಡೆಯಿಂದ.
ಬಂದೂಕಿನ ಕೆಲಸಕ್ಕ ರೊಕ್ಕ ಎಣಿಸಿ ತಗೊಂಡೆ.