ಬಾಕಿ ಮೂರು ಕಿಲೋಮೀಟರ್

ಭೀಷ್ಮ ಕೆರೆಯ ಸುತ್ತ ಒಂಬತ್ತು ವರ್ಷ
ಬೆಳಗಿನ ಆರಕ್ಕೆ ನಡೆದಿದ್ದೇವೆ ನಾಲ್ವರು,
ಹೊರಟಲ್ಲಿಗೇ ಬಂದು ಚಹಾ ಕುಡಿದಿದ್ದೇವೆ.
ಒಂದು ದಿನ ದ್ಯಾಮಣ್ಣ, ಬಸಿ ಊದುತ್ತ, ಅಂದ:
"ಕಪ್ಪತಗುಡ್ಡದ ಬಾಲ ಬಿಂಕದಕಟ್ಟ್ಯಾಗ ಐತಿ,
ಮೂತಿ ಸಿಂಗಟಾಲೂರ ಹೊಳ್ಯಾಗ.
ಬೆನ್ನ ಹಿಡದು ಹೊಂಟ್ರ ಹೆಂಗ?"

ಒಂದೇ ಉಸಿರಿಗೆ ಆಗುವ ಮಾತಲ್ಲ.
ಮಾಬೂಲಿಗೆ ಪಂಕ್ಚರ್ ಅಂಗಡಿ,
ಶಾಂತಕ್ಕನಿಗೆ ಆಸ್ಪತ್ರೆಯ ಪಾಳಿ,
ನನಗೆ ರಕ್ತದಲ್ಲಿ ಸಕ್ಕರೆ.
ಅದಕ್ಕೇ ಗುಡ್ಡವನ್ನು ತುಂಡರಿಸಿಕೊಂಡೆವು:
ತಿಂಗಳಿಗೊಂದು ರವಿವಾರ, ರವಿವಾರಕ್ಕೊಂದು ಸ್ಟೇಜು.
ಸ್ಟೇಜು ಅನ್ನುವುದು ದ್ಯಾಮಣ್ಣನ ಶಬ್ದ.
ಗದಗ–ಮುಂಡರಗಿ ಬಸ್ಸಿನ ಕಂಡಕ್ಟರ್ ಅವನು,
ರಿಟೈರಾಗಿ ಎರಡು ವರ್ಷ.
ಈ ಗುಡ್ಡವನ್ನು ಬಲಗಡೆಯ ಕಿಟಕಿಯಲ್ಲಿ
ಇಪ್ಪತ್ತೆಂಟು ವರ್ಷ ನೋಡಿದ್ದಾನೆ,
ಚಿಲ್ಲರೆ ಎಣಿಸುತ್ತ.

ನೇಮ ಒಂದೇ. ಹಿಂದಿನ ಸಲ ನಿಂತ ಕಲ್ಲಿನಿಂದಲೇ
ಈ ಸಲದ ಮೊದಲ ಹೆಜ್ಜೆ.
ಗಾಯಕ್ಕೆ ಹಚ್ಚುವ ನೀಲಿ ಔಷಧದಲ್ಲಿ
ಶಾಂತಕ್ಕ ಎಳೆಯುವಳು ಕಲ್ಲಿಗೊಂದು ಗೀಟು.
ತಿಂಗಳ ಮೇಲೆ ಬಂದು, ಬಾದಿ ಹುಲ್ಲು ಸರಿಸುತ್ತ
ಬಗ್ಗಿ ಬಗ್ಗಿ ಹುಡುಕುವಾಗ
ಕುರಿ ಬಿಟ್ಟುಕೊಂಡ ಮುದುಕ ಕೇಳಿದ:
"ಏನ್ ಕಳಕೊಂಡೀರ್ರಿ?"
"ನಿಂತ ಜಾಗಾ," ಅಂದ ಮಾಬೂಲಿ.
ಮುದುಕ ತಾನೂ ಹುಡುಕತೊಡಗಿದ.

ಗಾಳಿಯಂತ್ರಗಳ ಕೆಳಗೆ ಹಾಯುವಾಗ
ರೆಕ್ಕೆಯ ನೆರಳು ನೆಲದ ಮೇಲೆ ಬೀಸಿ ಬಂದಂತೆಲ್ಲ
ದ್ಯಾಮಣ್ಣ ತಲೆ ತಗ್ಗಿಸುತ್ತಿದ್ದ,
ಬಸ್ಸಿನ ಬಾಗಿಲಲ್ಲಿ ತಗ್ಗಿಸಿದ ಹಾಗೆ.
ನಕ್ಕೆವು. ಹನ್ನೊಂದನೇ ಕಂಬ ಬರುವಷ್ಟರಲ್ಲಿ
ನಾವೂ ತಗ್ಗಿಸುತ್ತಿದ್ದೆವು.

ನಾಲ್ಕನೇ ಸ್ಟೇಜು, ಮಾರ್ಚ್, ಡೋಣಿಯ ಆಚೆ.
ಕೆಂಪು ನೆಲ ಒಮ್ಮೆಲೇ ನನ್ನ ಕಡೆ ಎದ್ದು ಬಂತು.
ಬಾಯಲ್ಲಿ ಬೆಲ್ಲ, ನೆತ್ತಿಗೆ ನೀರು, ಶಾಂತಕ್ಕನ ಬೈಗುಳ,
ಆಮೇಲೆ ಒಂದು ಟ್ರ್ಯಾಕ್ಟರು,
ಹೊಟ್ಟಿನ ಚೀಲಗಳ ಮೇಲೆ ನಾಲ್ವರೂ.
ನನ್ನೊಬ್ಬನನ್ನೇ ಕಳಿಸಿ ಉಳಿದವರು ನಡೆಯಬಹುದಿತ್ತು.
ನಡೆಯಲಿಲ್ಲ.
ಆ ರಾತ್ರಿ ನೋಟುಬುಕ್ಕಿನಲ್ಲಿ ಶಾಂತಕ್ಕನ ದುಂಡು ಅಕ್ಷರ:
ಬಾಕಿ, ೩ ಕಿ.ಮೀ.
ಯಾರೂ ನನ್ನೆದುರು ಓದಲಿಲ್ಲ. ನಾನೇ ಕದ್ದು ಓದಿದೆ.

ಜೂನಿನಲ್ಲಿ ಹೊಳೆ ಬಂತು.
ನೀರಿಗೆ ಕಾಲಿಟ್ಟೆವು, ಬೊಬ್ಬೆಗಳೆಲ್ಲ ಒಮ್ಮೆಗೇ ಉರಿದವು.
ಬಲೆಯ ಗಂಟು ಬಿಡಿಸುತ್ತಿದ್ದ ಹುಡುಗ ಫೋಟೊ ತೆಗೆದ.
ಮಾಬೂಲಿ ಜಿಲೇಬಿ ಹಂಚಿದ, ನನಗೆ ಅರ್ಧ.
ಆದರೆ "ಮುಗೀತು" ಅನ್ನುವ ಮಾತು
ನಾಲ್ಕು ಬಾಯಲ್ಲೂ ಬರಲಿಲ್ಲ.
ತಿರುಗಿ ಬರುವ ಬಸ್ಸು ಡಂಬಳ ದಾಟುವಾಗ
ದ್ಯಾಮಣ್ಣ ಸೀಟು ಬಿಟ್ಟು ಎದ್ದು
ಎಡಗಡೆಯ ಕಿಟಕಿಗೆ ಹೋಗಿ ನಿಂತ.

ಹಾಗಾಗಿ ನಮ್ಮ ಕೊನೆ ಇರುವುದು ಹೊಳೆಯಲ್ಲಲ್ಲ,
ನಟ್ಟನಡುವೆ.
ಆಷಾಢದ ರವಿವಾರ ಮತ್ತೆ ಹೋದೆವು.
ನೀಲಿ ಗೀಟು ಮಳೆಗೆ ತೊಳೆದುಹೋಗಿತ್ತು.
ಬಿದ್ದದ್ದು ಇಲ್ಲೇ ಅಂತ ನಾನು;
ಅಲ್ಲ, ಆ ತಂಗಡಿ ಗಿಡದ ಹತ್ತಿರ ಅಂತ ಶಾಂತಕ್ಕ.
ಬಿದ್ದವನ ಮಾತು ಯಾರು ನಂಬುತ್ತಾರೆ?
ಕೊನೆಗೆ ಎರಡು ಫರ್ಲಾಂಗು ಹಿಂದಕ್ಕೆ ಹೋಗಿ ಶುರುಮಾಡಿದೆವು:
ಜಾಸ್ತಿಯಾದರೆ ಆಗಲಿ, ಕಡಿಮೆ ಬೀಳಬಾರದು.

ಮುಕ್ಕಾಲು ತಾಸಿನ ದಾರಿ. ಮೂರು ತಾಸು ಮಾಡಿದೆವು.
ರೊಟ್ಟಿಯ ಗಂಟು ಬಿಚ್ಚಿದೆವು, ಕಟ್ಟಿದೆವು, ಮತ್ತೆ ಬಿಚ್ಚಿದೆವು.
ಕೆಂಪು ಮಖಮಲ್ಲಿನ ಮಿರಗದ ಹುಳವೊಂದರ ಹಿಂದೆ
ಅದರದೇ ವೇಗದಲ್ಲಿ ಹೋದೆವು, ಮಾಬೂಲಿ ಮುಂದೆ.

ಆಗ ಬೆನ್ನ ಹಿಂದೆ ಅದೇ ಟ್ರ್ಯಾಕ್ಟರು.
ಅದೇ ಹಸಿರು ರುಮಾಲಿನವ ವೇಗ ಇಳಿಸಿದ:
"ಮತ್ತ ಆರಾಮಿಲ್ಲೇನ್ರಿ? ಹತ್ರಿ, ಹತ್ರಿ."
ಏನು ಹೇಳಬೇಕೋ ಯಾರಿಗೂ ತಿಳಿಯಲಿಲ್ಲ.
ದ್ಯಾಮಣ್ಣ ಮುಂದೆ ಹೋಗಿ
ಟ್ರೇಲರಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದ:
"ರೈಟ್... ರೈಟ್..."