ಬೆರಳಚ್ಚು

ಸಾಂಗ್ಲಿಯ ಲಾಡ್ಜಿನ ಮೂರನೇ ಮಾಳಿಗೆ.
ಹಗಲೆಲ್ಲ ಅರಿಶಿಣದ ಸವಾಲು ಕೇಳಿ ಕೇಳಿ
ಕಿವಿಯೊಳಗೂ ಹಳದಿ.
ನಾಳೆ ಎಂಟಕ್ಕೆ ದಲಾಲರ ಮುಂದೆ ತೂಕದ ಪಟ್ಟಿ ಇಡಬೇಕು.
ಪಟ್ಟಿ ಜತ್ತದಲ್ಲಿದೆ, ನಮ್ಮ ಮನೆಯ ಕಂಪ್ಯೂಟರಿನಲ್ಲಿ,
ಹಿಟ್ಟಿನ ಡಬ್ಬಿಯ ಪಕ್ಕ.

ಲಾಡ್ಜಿನ ವೈಫೈ ಅಂದರೆ
ಎಸ್.ಟಿ. ಸ್ಟ್ಯಾಂಡಿನಲ್ಲಿ ಸರಪಳಿ ಕಟ್ಟಿದ ಲೋಟ,
ಯಾರು ಯಾರು ಬಾಯಿ ಹಚ್ಚಿದ್ದಾರೋ.
ಅದಕ್ಕೇ ಅದರೊಳಗೊಂದು ಸುರಂಗ ತೋಡಿಕೊಂಡು ಹೋಗುತ್ತೇನೆ.
ಬೀಗವನ್ನು ಊರ ಮುಂದೆ ತೂಗುಹಾಕಿದರೂ ಚಿಂತಿಲ್ಲ,
ಕೀಲಿ ಮಾತ್ರ ಲ್ಯಾಪ್‌ಟಾಪಿನ ಹೊಟ್ಟೆ ಬಿಟ್ಟು ಬರಬಾರದು,
ಎಂದು ಕಲಿಸಿದವನು ಮಿರಜಿನ ರಿಪೇರಿ ಹುಡುಗ ಇಮಾಮ್‌ಜಾಫರ.
ತನ್ನ ಪಾಸ್‌ವರ್ಡನ್ನು ಮಾನಿಟರಿಗೇ ಅಂಟಿಸಿಕೊಂಡಿದ್ದ.

ಈ ಲ್ಯಾಪ್‌ಟಾಪು ಹೊಸದು. ತಡೆದು ಕೇಳಿತು:
ಆಚೆಗಿರುವ ಯಂತ್ರದ ಪರಿಚಯ ನನಗಿಲ್ಲ,
ಅದರ ಬೆರಳಚ್ಚು ಇದು, ನಂಬಲೇ?
ಪರ್ಸಿನಿಂದ ಚೀಟಿ ತೆಗೆದೆ,
ಹೊರಡುವ ಮುನ್ನ ಮನೆಯಲ್ಲೇ ಕೂತು ಬರೆದುಕೊಂಡದ್ದು.
ಒಂದೊಂದೇ ಅಕ್ಷರ, ಜೋಳ ಹಸನು ಮಾಡಿದ ಹಾಗೆ.

ನನ್ನಜ್ಜಿ ಹೆಬ್ಬೆಟ್ಟು ಒತ್ತಿದ ಕಾಗದ ಮರಾಠಿಯಲ್ಲಿತ್ತು.
ಏನು ಬರೆದಿದೆ ಎಂದು ಆಕೆ ಕೇಳಲಿಲ್ಲ,
ನೀನು ಯಾರೆಂದು ಕಾಗದವೂ ಕೇಳಲಿಲ್ಲ.
ಎರಡೆಕರೆ ಹೋಯಿತು.
ನಾನು ಎರಡು ಸಲ ತಾಳೆ ನೋಡಿದೆ. ಆಮೇಲೆ ಹೌದೆಂದೆ.

ಕಪ್ಪು ಪರದೆ, ಮಿಣುಕುವ ಗೆರೆ. ಮನೆ.
ಒಳಗೆ ಯಾರಿದ್ದಾರೆಂದು ಸುಮ್ಮನೆ ಕೇಳಿದರೆ
ಇಬ್ಬರು ಎಂದಿತು: ನಾನು, ಮತ್ತೆ ದಾನೇಶ್ವರಿ.
ರಾತ್ರಿ ಹನ್ನೊಂದೂವರೆ!
'ಇನ್ನೂ ಮಲಗಿಲ್ಲೇನು?' ಅವಳ ತೆರೆಯ ಮೇಲೆ ಬರೆದೆ.
ತಡೆದು ಬಂತು ಉತ್ತರ.
'ಯಾರು?'
'ಅವ್ವ.'
'ಯಾರ್ ಬೇಕಾದ್ರೂ ಅವ್ವ ಅಂತ ಬರೀಬಹುದು.
ನಮ್ಮ ಗ್ವಾಡಿ ಗಡಿಯಾರ ಎಷ್ಟು ನಿಮಿಷ ಮುಂದ ಐತಿ, ಹೇಳು.'

ಸುರಂಗ, ಕೀಲಿ, ಚೀಟಿ ಎಲ್ಲ ದಾಟಿ ಬಂದವಳು
ಹನ್ನೆರಡು ವರ್ಷದ ಹುಡುಗಿಯ ಹೊಸ್ತಿಲಲ್ಲಿ ನಿಂತೆ.
ತೊಳೆದರೂ ಹೋಗದ ಅರಿಶಿಣ,
ಮುಟ್ಟಿದ ಅಕ್ಷರಕ್ಕೆಲ್ಲ ನನ್ನ ಹೆಬ್ಬೆಟ್ಟಿನ ಕಲೆ.
'ಮುಂದೂ ಇಲ್ಲ, ಹಿಂದೂ ಇಲ್ಲ.
ದೀವಳಿಗಿಗೆ ನಿಂತದ್ದು ನಿಂತೇ ಐತಿ.
ಸೆಲ್ ತಗೊಂಡು ಬಾ ಅಂತ ನೀನ ಹೇಳಿದ್ದಿ.'

ಸ್ವಲ್ಪ ಹೊತ್ತು ಬರೀ ಮಿಣುಕು.

ಆಮೇಲೆ:
'ತಗೊಂಡೀ ಏನು ಮತ್ತ?'